ತುದಿಯ ಹೊಲ, ತುದಿಯ ನಳ

ಕಾಲುವೆಗೆ ನೀರು ಬಿಟ್ಟಾಗ ಮೇಲಿನವರ ಹೊಲದಲ್ಲಿ ನೀರು ಮಡುಗಟ್ಟಿ ನಿಲ್ಲುತ್ತದೆ. ತುದಿಯವರ ಹೊಲಕ್ಕೆ ಹಸಿ ಮಣ್ಣಿನ ವಾಸನೆಯಷ್ಟೇ ಬರುತ್ತದೆ. ಇದು ನಿಮ್ಮೂರಿನಲ್ಲೂ ಇದ್ದದ್ದೇ ತಾನೇ?

ಕಮಲಾಪುರದ ಪುತಳಾಬಾಯಿಯ ಬಾಳೆ ತೋಟ ಅಂಥ ತುದಿಯಲ್ಲೇ ಇತ್ತು. ತೊಂಬತ್ತೇಳರ ಬೇಸಿಗೆಯಲ್ಲಿ ಅವಳ ಕೆಂಪು ಬಾಳೆಯ ಗೊನೆಗಳು ಕಾಯಿ ತುಂಬುವ ಮೊದಲೇ ಸೊರಗಿದವು. ಮುಂದಿನ ವರ್ಷವೂ ಹಾಗಾದರೆ ತೋಟ ಕಿತ್ತು ಜೋಳ ಬಿತ್ತುವುದೇ ಸೈ ಎಂದು ಗಂಡ ಕಾಶಿರಾಯ ಹೇಳಿಬಿಟ್ಟಿದ್ದ. ಕೈಯಾರೆ ಬೆಳೆಸಿದ ತೋಟ. ಆ ಮಾತು ಕೇಳಿದಾಗಿನಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ.

ಆ ಮುಂದಿನ ವರ್ಷ ಬಂತು. ಬಿಸಿಲು ಏರುವ ಮೊದಲೇ ಊರಲ್ಲಿ ಡಂಗುರ ಸಾರಿದರು. ಡ್ಯಾಮಿನ ನೀರಿನಲ್ಲಿ ಹೊಲಗಳಿಗೆಷ್ಟು, ಕಲಬುರಗಿಯ ನಳಗಳಿಗೆಷ್ಟು ಎಂದು ಯೋಜನೆ ಮಾಡಲು ಸೋಮವಾರ ಸಭೆ. ತಮಗೆ ಎಷ್ಟು ನೀರು ಬೇಕೆಂದು ರೈತರೇ ಬಂದು ಹೇಳಬೇಕು.

“ಬೇಕಾದ್ದರ ದುಪ್ಪಟ್ಟು ಕೇಳೋದು. ನೀರಾವರಿ ಸಾಹೇಬ್ರು ಅರ್ಧ ಕಡೀತಾರ, ಉಳಿದದ್ದು ನಮಗ ಸರಿ ಆಗ್ತದ,” ಅಂದ ಕಾಶಿರಾಯ.

“ಕಲಬುರಗಿಯವ್ರಿಗಿ ಒಂದ್ ಹನಿನೂ ಬ್ಯಾಡ ಅಂತನೂ ಹೇಳ್ರಿ,” ಅಂದಳು ಪುತಳಾಬಾಯಿ.

ಮರುದಿನ ಮೊಮ್ಮಗನನ್ನು ನೋಡಲು ಅವಳು ಬಸ್ಸು ಹತ್ತಿ ಕಲಬುರಗಿಯ ಜೇವರ್ಗಿ ಕಾಲೋನಿಗೆ ಹೋದಳು. ಅಂದು ನಳ ಬಂದಿತ್ತು. ಮಗಳು ಮಲ್ಕಮ್ಮ ಮನೆಯಲ್ಲಿದ್ದ ತುಂಬಿದ ಕೊಡಗಳನ್ನು ಒಂದೊಂದಾಗಿ ತಂದು ಗಟಾರಕ್ಕೆ ಬಗ್ಗಿಸುತ್ತಿದ್ದಳು.

“ಏ ಮಲ್ಕಿ, ಏನ್ ಮಾಡಾಕತ್ತಿ? ಚಲೋ ನೀರವ.”

“ಹಳೇ ನೀರವ್ವ. ಹೊಸಾವು ಬಂದಾಗ ತುಂಬ್ಕೋಬೇಕು. ಮತ್ತ ಯಾವಾಗ ಬಿಡ್ತಾರೋ ಯಾರಿಗಿ ಗೊತ್ತು?”

ಪುತಳಾಬಾಯಿಗೆ ಸಿಟ್ಟು ನೆತ್ತಿಗೇರಿತು. “ಅಲ್ಲಿ ನನ್ನ ಬಾಳಿ ಒಣಗಾಕತ್ತಾವ. ಇಲ್ಲಿ ನೀವು ಗಟಾರಕ್ಕ ಕುಡಸಾಕತ್ತೀರಿ.”

ಪಕ್ಕದ ಮನೆಯ ದಿಲ್ಶಾದ್ ಬೇಗಂ ಕೊಡ ಹಿಡಿದು ನಿಂತಿದ್ದರು. ಶಾಲೆಯಲ್ಲಿ ಕಲಿಸುವ ಹೆಣ್ಣುಮಗಳು. ನೀರಿನ ಸಭೆ ಕಾಲೋನಿಯಲ್ಲಿ ನಡೆದಾಗ ಕೂತು ಕೇಳಿದ್ದರು. “ಬೈರಿ ಅಕ್ಕಾ, ಬೈಯೋದೇ. ಹಳೇವಾದ್ರ ಪಾತ್ರಿ ತಿಕ್ಕಾಕರ ಇಟ್ಕೋ ಅಂತ ನಾನೂ ಹೇಳ್ತೀನಿ. ಆದ್ರ ಒಂದ್ ಮಾತು, ನಿಮ್ಮ ಪಾಳಿ ಬಂದಾಗ ಹೊಲಕ್ಕ ಎಷ್ಟು ಬಿಟ್ಕೋತೀರಿ?”

“ಬರೋದೇ ಅಪರೂಪ. ಬಂದ್ರ ಮಣ್ಣು ಹಸಿ ಇದ್ರೂ ಬಿಟ್ಕೋತೀವಿ. ಮತ್ತ ಯಾವಾಗ ಬರ್ತಾವೋ ಯಾರಿಗಿ ಗೊತ್ತು?”

ಹೇಳಿ ಮುಗಿಸಿದ ಮೇಲೆ ಪುತಳಾಬಾಯಿಗೆ ಹೊಳೆಯಿತು. ಮಗಳ ಮಾತನ್ನೇ ತಾನೂ ಆಡಿದ್ದಳು.

“ಅದಕ್ಕೇ ಯೋಜನೆ ಬೇಕು,” ಅಂದರು ದಿಲ್ಶಾದ್. “ಮೊದಲ ಕುಡಿಯಾಕ ಎತ್ತಿಡ್ತಾರ, ಆಮ್ಯಾಲ ಬೆಳಿಗಿ. ಯಾವ ದಿನ ಎಷ್ಟು ಅಂತ ಗೊತ್ತಾದ್ರ ಯಾರೂ ಹೆದರಿ ತುಂಬ್ಕೊಳ್ಳಂಗಿಲ್ಲ. ಆದ್ರ ಎಲ್ಲಾರೂ ಹೆಚ್ಚು ಕೇಳಿದ್ರ ಡ್ಯಾಮಿನ ನೀರೇನು ಹೆಚ್ಚಾಗ್ತಾವೇನು? ಕಡಿಮಿ ಬಿದ್ರ ಯಾರಿಗಿ ಬೀಳ್ತಾವ?”

“ತುದಿಯವ್ರಿಗಿ.”

“ಪೈಪಿಗೂ ತುದಿ ಅದ ಅಕ್ಕಾ. ನಿಮ್ಮ ಮಗಳ ಮನಿ ಆ ತುದಿಗೇ ಅದ.”

ಊರಿಗೆ ಬಂದು ಹೇಳಿದರೆ ಕಾಶಿರಾಯ ನಂಬಬೇಕಲ್ಲ. “ಮೇಲಿನವ್ರು ಸುಳ್ಳು ಹೇಳಿ ಒಯ್ತಾರ. ನಾವೊಬ್ಬರೇ ಖರೇ ಹೇಳಿ ಬಾಯಾಗ ಮಣ್ಣು ಹಾಕ್ಕೋಬೇಕೇನು?”

“ಹೋದ ವರ್ಷನೂ ದುಪ್ಪಟ್ಟು ಕೇಳಿದ್ರಿ. ಎಷ್ಟು ಬಂತು ಹೇಳ್ರಿ.”

ಕಾಶಿರಾಯ ಎದ್ದು ತೋಟದ ಕಡೆ ನಡೆದ. ಸೋಮವಾರದವರೆಗೂ ಅವನು ಅದನ್ನೇ ಯೋಚಿಸುತ್ತಿದ್ದ.

ಸಭೆಯಲ್ಲಿ ನೀರಾವರಿ ಸಾಹೇಬರ ಎದುರು ಕಾಲುವೆಯ ಬಾಯಲ್ಲೇ ಹೊಲವಿರುವ ಮಾಪಣ್ಣ ಮೊದಲು ಎದ್ದು, “ವಾರಕ್ಕ ಎರಡು ಸಲ ಬೇಕ್ರಿ ಸಾಹೇಬ್ರ,” ಅಂದ. ಎಲ್ಲರೂ ಹೌದು ಹೌದು ಅಂದರು.

ಕಾಶಿರಾಯ ಹೆಂಡತಿಯ ಮುಖ ನೋಡಿ ಎದ್ದು ನಿಂತ. “ನನಗ ವಾರಕ್ಕೊಮ್ಮಿ ಸಾಕ್ರಿ. ಇಂಥಾ ದಿನ ಅಂತ ಹೇಳ್ರಿ, ಆ ದಿನ ತಪ್ಪಿಸಬ್ಯಾಡ್ರಿ. ಕುಡಿಯೋ ನೀರು ಮೊದಲ ಎತ್ತಿಡ್ರಿ, ನನ್ನ ಮೊಮ್ಮಗ ಅದನ್ನೇ ಕುಡೀತಾನ. ಆದ್ರ ಪ್ಯಾಟ್ಯಾಗ ನೀರು ಸೋರೋ ಒಡಕು ಪೈಪೂ ರಿಪೇರಿ ಆಗ್ಬೇಕು.”

“ನಿನಗ ಸಾಕಾದ್ರ ಬಿಡು, ನನಗ ಸಾಲಂಗಿಲ್ಲ,” ಅಂದ ಮಾಪಣ್ಣ.

“ಮಾಪಣ್ಣ, ನಿನ್ನಿ ನಿನ್ನ ಹೊಲದಾಗ ನಿಂತ ನೀರಾಗ ನನ್ನ ಎಮ್ಮಿ ಮಲಗಿತ್ತು. ಎಬ್ಬಿಸಿ ತರೋದ್ರಾಗ ಸಾಕಾತು,” ಅಂದ ಕಾಶಿರಾಯ.

ಸಭೆ ಗೊಳ್ಳೆಂದು ನಕ್ಕಿತು. ಮಾಪಣ್ಣನೂ ನಕ್ಕ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, “ನಂದೂ ವಾರಕ್ಕೊಮ್ಮಿ ಹಿಡೀರಿ ಸಾಹೇಬ್ರ,” ಅಂದ. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ತಮ್ಮ ಮಾತು ತಿದ್ದಿಕೊಂಡರು. ಆ ಬೇಸಿಗೆಯಲ್ಲಿ ಹೇಳಿದ ದಿನವೇ ನೀರು ತುದಿಯ ಹೊಲ ಮುಟ್ಟಿತು. ತೋಟ ಕೀಳುವ ಮಾತನ್ನು ಕಾಶಿರಾಯ ಮತ್ತೆ ಎತ್ತಲಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮೂರಲ್ಲಿ ನೀರಿನ ಸಭೆ ಕರೆದರೆ ಮನೆಯಲ್ಲಿ ಕೂರಬೇಡಿ. ಗಂಡ ಹೆಂಡತಿ ಇಬ್ಬರೂ ಹೋಗಿ. ಬೇಕಾದಷ್ಟೇ ಕೇಳಿ, ದಿನ ಗೊತ್ತು ಮಾಡಿಸಿಕೊಳ್ಳಿ. ಪಟ್ಟಣದವರೇ, ನಿನ್ನೆಯ ನೀರನ್ನು ಚೆಲ್ಲಬೇಡಿ. ನೀವು ಹೆಚ್ಚಿಗೆ ಪಡೆದ ನೀರು ತುದಿಯಲ್ಲಿರುವ ಯಾರದೋ ಕೊಡಕ್ಕೆ ಸೇರಬೇಕಾದ ನೀರು. ಆ ತುದಿಯಲ್ಲಿ ನಿಮ್ಮ ಮಗಳೇ ಕೊಡ ಹಿಡಿದು ನಿಂತಿರಬಹುದು.