ಹೆಗಲು ಕೊಡದ ತಮ್ಮ

ಈಗ ಹೇಳಿಬಿಟ್ಟರೆ? ಬದುಕಿದ್ದಾಗ ಹೇಳದವನು ಹೆಣದ ಮುಂದೆ ಹೇಳಿ ಯಾರನ್ನು ಉಳಿಸಿದಂತಾಯಿತು? ಅಣ್ಣ ರಾಮಕೃಷ್ಣಪ್ಪನ ಚಟ್ಟದ ಬಿದಿರಿಗೆ ಕೈಹಾಕಿದ್ದ ಶಿವರಾಮ್ ಇನ್ನೂ ಅಳೆದು ಸುರಿಯುತ್ತಲೇ ಇದ್ದ. ಅಣ್ಣನ ಮಗ ಪುನೀತ್ ಓಡಿಬಂದು ಅವನ ಮೊಣಕೈ ಹಿಡಿದ.

"ಚಿಕ್ಕಪ್ಪ, ನೀವ್ ಎತ್ಬೇಡಿ. ಹರ್ನಿಯಾ ಆಪರೇಷನ್ ಆಗಿರೋರು."

"ಆಗ್ಲೇ ನಾಲ್ಕ್ ವರ್ಷ ಆಯ್ತು ಕಣೋ!"

"ಆದ್ರೂ ಬೇಡ. ಇವತ್ತೇ ಇನ್ನೊಂದ್ ರಾಮಾಯಣ ಆಗೋದ್ ಬೇಡ."

ಪಕ್ಕದ ಮನೆಯ ಮೆಹಬೂಬ್ ಪಾಷಾ ಬಂದು ಆ ಬಿದಿರಿಗೆ ತನ್ನ ಹೆಗಲು ಕೊಟ್ಟ. ಶಿವರಾಮ್ ಹಲ್ಲು ಕಚ್ಚಿಕೊಂಡು ಸರಿದು ನಿಂತ.

ಬಾಗಿಲಲ್ಲಿದ್ದ ಅತ್ತಿಗೆ ದ್ರೌಪದಮ್ಮ ಅಳುತ್ತಿರಲಿಲ್ಲ. ಗಂಡನ ಹೆಣವನ್ನು ಬೈಯುತ್ತಿದ್ದಳು.

"ಸೊಂಟನೋವು ಅಂತ ವರ್ಷಾನುಗಟ್ಲೆ ಎಣ್ಣೆ ತಿಕ್ಕಿಸ್ಕೊಂಡ್ಯಲ್ಲ! ಮೂಳೆಗೇ ಇಳಿದಿತ್ತಂತೆ ಕ್ಯಾನ್ಸರ್ರು. ಡಾಕ್ಟ್ರತ್ರ ಬಾ ಅಂದ್ರೆ 'ನಾನೇನ್ ಬಸುರೀನಾ' ಅಂತ ನಕ್ಕೆ. ನಗು ಈಗ! ನನ್ ಮಾತು ಬಿಡು, ನಿನ್ ತಮ್ಮ ಒಂದ್ ಮಾತು ಅಂದಿದ್ರೆ ಓಡ್ತಿದ್ದೆ."

*

2013ರಲ್ಲಿ, ಜಾಲಹಳ್ಳಿಯ ಕಾರ್ಖಾನೆಯವರು ಮಾಡಿಸಿದ ತಪಾಸಣೆಯಲ್ಲಿ, ಶಿವರಾಮನ ರಕ್ತದಲ್ಲಿ ಪಿಎಸ್‌ಎ ಜಾಸ್ತಿ ಬಂದಿತ್ತು. ಮುಂದಿನ ಪರೀಕ್ಷೆಯಲ್ಲಿ ಖಚಿತವಾಯಿತು: ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್. ನೋವಿಲ್ಲ, ಉರಿಯಿಲ್ಲ. ಬೇಗ ಸಿಕ್ಕಿದ್ದರಿಂದ ಗ್ರಂಥಿ ತೆಗೆದು ಉಳಿಸಿದರು.

"ಅಣ್ಣ ಇದಾರಾ? ಮೊದ್ಲು ಅವ್ರಿಗೆ ಹೇಳಿ. ರಕ್ತಸಂಬಂಧದವ್ರಿಗೆ ಅಪಾಯ ಜಾಸ್ತಿ. ಲಕ್ಷಣ ಕಾಣ್ಲಿ ಅಂತ ಕಾಯ್ಬಾರ್ದು" ಎಂದಿದ್ದರು ಡಾಕ್ಟರು.

ಶಿವರಾಮ್ ಹೂಂಗುಟ್ಟಿದ್ದ. ಆಮೇಲೆ ಮೂರು ತಿಂಗಳು, ಮೂತ್ರ ಸೋರುತ್ತಿದ್ದರಿಂದ, ಲುಂಗಿಯೊಳಗೆ ಪ್ಯಾಡ್ ಕಟ್ಟಿಕೊಂಡು ಓಡಾಡಿದ. ಕೇಳಿದವರಿಗೆಲ್ಲ ಹರ್ನಿಯಾ ಎಂದ. ಗಂಡಸುತನವೇ ಹೋಯಿತಂತೆ ಎಂದು ನೆಂಟರು ಪಿಸುಗುಡುವುದಕ್ಕಿಂತ ಅದೇ ವಾಸಿಯಾಗಿತ್ತು.

ಎಳನೀರು ಹಿಡಿದು ನೋಡಲು ಬಂದ ಅಣ್ಣ ಮಂಚದ ಅಂಚಿನಲ್ಲಿ ಕೂತು ಕೇಳಿದ್ದ: "ನಾನೂ ಏನಾದ್ರೂ ಚೆಕ್ ಮಾಡಿಸ್ಬೇಕೇನೋ, ಶಿವು?"

"ಹರ್ನಿಯಾ ಏನ್ ಅಂಟುರೋಗಾನಾ? ಸುಮ್ನಿರಣ್ಣ."

ಇಬ್ಬರೂ ನಕ್ಕಿದ್ದರು.

*

ಹೆಬ್ಬಾಳದ ಚಿತಾಗಾರದಲ್ಲಿ ಇವರ ಮುಂದೆ ಇನ್ನೂ ಎರಡು ಹೆಣಗಳಿದ್ದವು. ಪುನೀತ್ ಹತ್ತಿರ ಬಂದು ದನಿ ತಗ್ಗಿಸಿದ.

"ಚಿಕ್ಕಪ್ಪ, ಅಪ್ಪನ್ ಡಾಕ್ಟ್ರು ಕೇಳ್ತಿದ್ರು. ಮನೇಲಿ ಇನ್ ಯಾರಿಗಾದ್ರೂ ಇದು ಬಂದಿತ್ತಾ ಅಂತ. ಬಂದಿದ್ರೆ ನಾನು ಇನ್ನೂ ಬೇಗ ಟೆಸ್ಟ್ ಶುರು ಮಾಡ್ಬೇಕಂತೆ. ನಿಮ್ಗೇನಾದ್ರೂ ಗೊತ್ತಾ?"

ಶಿವರಾಮನಿಗೆ ಸಿಟ್ಟು ನೆತ್ತಿಗೇರಿತು.

"ನಿಮ್ಮಪ್ಪ ಇನ್ನೂ ಒಳಗೆ ಹೋಗಿಲ್ಲ. ಈಗ್ಲೇ ನಿನ್ ಜೀವದ್ ಚಿಂತೇನಾ? ನಾಚ್ಕೆ ಆಗಲ್ವಾ?"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಪುನೀತ್ ಮುಖ ಸಣ್ಣದು ಮಾಡಿಕೊಂಡು "ಸಾರಿ, ಚಿಕ್ಕಪ್ಪ" ಎಂದು ಅಪ್ಪನ ಕಾಲ ಬಳಿಗೆ ಹೋಗಿ ನಿಂತ.

ತನಗೆ ಬಂದದ್ದೂ ಅದೇ ಕ್ಯಾನ್ಸರ್ ಎಂದು ಶಿವರಾಮ್ ಅಣ್ಣನಿಗೆ ಹೇಳಿರಲಿಲ್ಲ. ಅಣ್ಣನ ಮಗನಿಗೂ ಹೇಳಲಿಲ್ಲ.