ಪಟ್ಟಿಯ ಮೊದಲ ಸಾಲು

ಮಗಳು ಸೌಂದರ್ಯಾ ಎಂಬಿಬಿಎಸ್ ಮುಗಿಸಿ ಪಿಜಿ ಪರೀಕ್ಷೆಯಲ್ಲಿ ಒಳ್ಳೆಯ ರ‍್ಯಾಂಕ್ ತೆಗೆದದ್ದೇ ತಡ, ಶಿವಮೊಗ್ಗದ ಕೋಟೆ ರಸ್ತೆಯ ಪಾತ್ರೆ ಅಂಗಡಿ ಹಾಲಸ್ವಾಮಿಯವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಈ ರ‍್ಯಾಂಕಿಗೆ ರೇಡಿಯಾಲಜಿ ಗ್ಯಾರಂಟಿ ಎಂದು ಯಾರೋ ಹೇಳಿದರು, ಮುಗಿಯಿತು ಕಥೆ. ಅಂಗಡಿ ಮೇಲಿನ ಮಹಡಿಯಲ್ಲಿ ಸ್ಕ್ಯಾನಿಂಗ್ ಸೆಂಟರ್ ಎಂದು ಅವರೇ ತೀರ್ಮಾನಿಸಿದರು. ಪಕ್ಕದಲ್ಲಿ ಕೂತು ಸೀಟು ಹಂಚುವ ಕೌನ್ಸೆಲಿಂಗ್‌ನ ಆಯ್ಕೆ ಪಟ್ಟಿಯನ್ನೂ ತುಂಬಿಸಿದರು. ಮೇಲಿನ ಏಳು ಸಾಲೂ ರೇಡಿಯಾಲಜಿಯೇ.

ಸೌಂದರ್ಯಾಳಿಗೆ ಬೇಕಿದ್ದದ್ದು ಅನಸ್ತೇಶಿಯಾ. ಒಂದು ಸಲ ಬಾಯಿಬಿಟ್ಟು ಹೇಳಿಯೂ ಇದ್ದಳು. ಅರಿವಳಿಕೆ ಕೊಡುವ ಡಾಕ್ಟರ ಹೆಸರು ಯಾವ ರೋಗಿಗೆ ನೆನಪಿರುತ್ತದೆ ಎಂದು ಅಪ್ಪ ಕೇಳಿದ್ದೇ ತಡ, ಹುಡುಗಿಯ ಬಾಯಿ ಬಂದ್.

ಆದರೆ ಮನಸ್ಸು ಬಂದ್ ಆಗಬೇಕಲ್ಲ! ಭದ್ರಾವತಿಯ ಒಂದು ನರ್ಸಿಂಗ್ ಹೋಮಿನಲ್ಲಿ ವರ್ಷದಿಂದ ಡ್ಯೂಟಿ ಡಾಕ್ಟರ್ ಆಗಿದ್ದ ಅವಳು, ಬ್ಯಾಗು ಹಿಡಿದು ಆಸ್ಪತ್ರೆಯಿಂದ ಆಸ್ಪತ್ರೆಗೆ ಓಡಾಡುವ ಅನಸ್ತೇಶಿಯಾ ಡಾಕ್ಟರ್ ಯಶೋಧರಾ ಮೇಡಂ ಕೆಲಸವನ್ನು ಹತ್ತಿರದಿಂದ ಕಂಡಿದ್ದಳು. ಹೆದರಿ ನಡುಗುವ ಮನುಷ್ಯನ ತಲೆ ಹತ್ತಿರ ನಿಂತು, ಒಂದೊಂದು ಉಸಿರನ್ನೂ ಕಾಯ್ದು, ಕಣ್ಣು ಬಿಡಿಸಿ ಮನೆಯವರಿಗೆ ಒಪ್ಪಿಸುವ ಕೆಲಸ. ಹೆಸರಿನ ಬೋರ್ಡು, ಸಂಪಾದನೆ, ರಾತ್ರಿ ನಿದ್ದೆ ಎಲ್ಲವನ್ನೂ ತೂಗಿ ನೋಡಿದ ಮೇಲೂ ಅವಳಿಗೆ ಅದೇ ಬೇಕಿತ್ತು. ಪಟ್ಟಿ ಬದಲಿಸಲು ಸೋಮವಾರ ಸಂಜೆ ಆರು ಗಂಟೆಯೇ ಕಡೆ.

ಅದೇ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹಾಲಸ್ವಾಮಿಯವರ ಹರ್ನಿಯಾ ಆಪರೇಷನ್, ಮಗಳಿದ್ದ ನರ್ಸಿಂಗ್ ಹೋಮಿನಲ್ಲೇ. ಸರ್ಜನ್ ಕಾಂತರಾಜ್ ಹಾಲಸ್ವಾಮಿಯವರ ಬಾಲ್ಯದ ಗೆಳೆಯ. ಏನಾದರೂ ತಿಂದಿದ್ದೀರಾ, ಕುಡಿದಿದ್ದೀರಾ ಎಂದು ನರ್ಸ್ ಕೇಳಿದಳು, ಯಶೋಧರಾ ಮೇಡಂ ಕೇಳಿದರು. ರಾತ್ರಿಯಿಂದ ತೊಟ್ಟು ನೀರಿಲ್ಲ ಎಂದು ಹಾಲಸ್ವಾಮಿ ಎದೆತಟ್ಟಿ ಹೇಳಿದರು. ಪಾಪ, ಸುಳ್ಳು ಹೇಳುವ ಮನುಷ್ಯರಲ್ಲ.

ಆಪರೇಷನ್ ಥಿಯೇಟರಿನಲ್ಲಿ ಮೇಡಂ ಸಿರಿಂಜಿಗೆ ಔಷಧಿ ಎಳೆಯುತ್ತಿದ್ದರು. ಸೌಂದರ್ಯಾಳ ಕಣ್ಣು ಅಪ್ಪನ ಹಣೆಯ ಮೇಲೆ ಬಿತ್ತು. ವಿಭೂತಿ ಇನ್ನೂ ಹೊಸದಾಗಿತ್ತು.

"ಅಪ್ಪ, ಬೆಳಿಗ್ಗೆ ಪೂಜೆ ಆಯ್ತಾ?"

"ಇದೆಂಥ ಪ್ರಶ್ನೆ? ಸೋಮವಾರ ಬಿಡ್ತೀನಾ?"

"ಪ್ರಸಾದ?"

"ತಗೊಳ್ದೆ ಏಳೋದುಂಟಾ? ಎರಡು ಬಾಳೆಹಣ್ಣು, ಒಂದು ಲೋಟ ಹಾಲು. ಎಂಟೂವರೆಗೆ."

ಮೇಡಂ ಸಿರಿಂಜನ್ನು ಟ್ರೇಯಲ್ಲಿ ಇಟ್ಟರು. ಪ್ರಸಾದವನ್ನು ತಿನ್ನುವ ಲೆಕ್ಕಕ್ಕೆ ಯಾರು ಸೇರಿಸುತ್ತಾರೆ ಎಂದು ಹಾಲಸ್ವಾಮಿ ರೇಗಿದರು. ಎರಡು ಬಾಳೆಹಣ್ಣಿಗೆ ಇಷ್ಟು ರಂಪ ಯಾಕೆ ಎಂದು ಕಾಂತರಾಜ್ ಕೂಡ ಗೊಣಗಿದರು. ಅಪ್ಪನ ಎದುರು ಎಂದೂ ದನಿ ಎತ್ತದ ಹುಡುಗಿ ಮೇಜಿಗೆ ಅಡ್ಡ ಬಂದು ನಿಂತಳು.

"ಇವತ್ತು ಆಗಲ್ಲಪ್ಪ. ಪ್ರಜ್ಞೆ ತಪ್ಪಿದಾಗ ಹೊಟ್ಟೇಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ ನೀವು ಉಳಿಯಲ್ಲ. ನಾಳೆ ಮಾಡಿಸೋಣ."

ಮೇಡಂ ಹೌದೆಂದು ತಲೆಯಾಡಿಸಿದರು. ಹಾಲಸ್ವಾಮಿ ಮಗಳ ಮುಖವನ್ನೇ ನೋಡುತ್ತಾ ಮಲಗಿದ್ದರು.

ಸಂಜೆ ಐದೂವರೆಗೆ ಸೌಂದರ್ಯಾ ಅಪ್ಪನ ಮಂಚದ ಪಕ್ಕ ಕೂತು ಫೋನು ತೆಗೆದಳು. ಕದ್ದುಮುಚ್ಚಿ ಮಾಡಲು ಅವಳಿಗೆ ಮನಸ್ಸಿರಲಿಲ್ಲ.

"ಅಪ್ಪ, ಅನಸ್ತೇಶಿಯಾನ ಮೊದಲನೇ ಸಾಲಿಗೆ ಹಾಕ್ತಿದ್ದೀನಿ. ನೀವು ಬೈದ್ರೂ ಹಾಕ್ತೀನಿ. ನನಗೆ ಈ ಕೆಲಸ ಅಂದ್ರೆ ಪ್ರಾಣ."

ಅಷ್ಟರಲ್ಲಿ ರೌಂಡ್ಸಿಗೆ ಬಂದ ಕಾಂತರಾಜ್ ವಿಷಯ ಕೇಳಿ, ಇಂಥ ರ‍್ಯಾಂಕ್ ಹಾಳು ಮಾಡಿಕೊಳ್ಳಬೇಡ, ಅಪ್ಪನ ಮಾತು ಕೇಳು ಎಂದು ಬುದ್ಧಿ ಹೇಳಲು ಶುರುಮಾಡಿದರು.

ಹಾಲಸ್ವಾಮಿ ದಿಂಬು ಸರಿಸಿ ಎದ್ದು ಕೂತರು.

"ಸುಮ್ನಿರು ಮಾರಾಯ. ಸ್ಕ್ಯಾನಲ್ಲಿ ನನ್ನ ಹರ್ನಿಯಾ ಕಾಣ್ತು. ಬಾಳೆಹಣ್ಣು ಕಂಡಿದ್ದು ನನ್ನ ಮಗಳಿಗೆ." ಆಮೇಲೆ ಅವಳ ಕಡೆ ತಿರುಗಿದರು. "ಗಂಟೆ ಎಷ್ಟಾಯ್ತು ನೋಡು ಪುಟ್ಟಿ. ಬೇಗ ಪಟ್ಟಿ ಲಾಕ್ ಮಾಡು."