ಬೋರ್ಡಿನ ಮೇಲೆ ಬಂದ ಮಳೆ

ಚಿಕ್ಕಮಗಳೂರಿನ ತರಬೇತಿಯಲ್ಲಿ ಹೇಳಿಕೊಟ್ಟಿದ್ದನ್ನೆಲ್ಲ ನಾನು ಮಾಡಿ ಮುಗಿಸಿದ್ದೆ. ಗುಂಪು ಮಾಡಿ ಕೂರಿಸಿದೆ. ಚೀಟಿ ಎತ್ತಿಸಿದೆ. ಸರಿ ಉತ್ತರ ಹೇಳಿದವರಿಗೆ ನಗುಮುಖದ ಸ್ಟಿಕ್ಕರ್ ಕೊಟ್ಟೆ. ಮುಂದಿನ ಬೆಂಚಿನ ಸುಕನ್ಯಾ ಅದನ್ನು ಮನೆಗೆ ಒಯ್ದು ಮಗಳ ಕೈಗೆ ಅಂಟಿಸಿದಳು. ವಿದ್ಯಾರ್ಥಿಗಳನ್ನು ಪಾಠದಲ್ಲಿ ತೊಡಗಿಸುವುದು ಹೇಗೆ ಅಂತ ದಪ್ಪದೊಂದು ಪುಸ್ತಕ ಬೇರೆ ಕೊಟ್ಟು ಕಳಿಸಿದ್ದರು. ಅದನ್ನು ಬರೆದ ಪುಣ್ಯಾತ್ಮರು ಒಂದು ದಿನ ಕಳಸಕ್ಕೆ ಬಂದು ನನ್ನ ಕ್ಲಾಸಿನಲ್ಲಿ ನಿಲ್ಲಬೇಕಿತ್ತು.

ನಮ್ಮದು ಸಮುದಾಯ ಕಾಲೇಜು. ಓದನ್ನು ಅರ್ಧಕ್ಕೆ ಬಿಟ್ಟವರು, ಮದುವೆಯಾಗಿ ಮಕ್ಕಳಿರುವವರು, ಬೆಳಿಗ್ಗೆ ತೋಟದ ಕೆಲಸ ಮಾಡಿ ಮಧ್ಯಾಹ್ನ ಬೆಂಚಿನ ಮೇಲೆ ಬಂದು ಕೂರುವವರು. ಎಸ್ಟೇಟ್ ಮೇಲ್ವಿಚಾರಣೆಯ ಸರ್ಟಿಫಿಕೇಟಿಗಾಗಿ ನಾನು ಅವರಿಗೆ ಗಣಿತ ಹೇಳುತ್ತೇನೆ. ಆಗ ಗ್ರಾಫ್ ನಡೆಯುತ್ತಿತ್ತು. ಪುಸ್ತಕದಲ್ಲಿ ರೈಲಿತ್ತು, ಹಾಗಾಗಿ ನಾನೂ ರೈಲನ್ನೇ ಓಡಿಸುತ್ತಿದ್ದೆ. ರೈಲು ಹತ್ತದ ಜನ ಆಕಳಿಸುತ್ತಾ ಕೂತಿರುತ್ತಿದ್ದರು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಕ್ಲಾಸಿಗೆ ಹೊರಟವಳನ್ನು ದಯಾನಂದ ಬಾಗಿಲಲ್ಲೇ ತಡೆದ.

"ಮೇಡಂ, ನಾಳೆಯಿಂದ ನಾನು ಬರಲ್ಲ. ಆಫೀಸಲ್ಲಿ ಹೇಳಿ ನನ್ನ ಮಾರ್ಕ್ಸ್ ಕಾರ್ಡ್ ವಾಪಸ್ ಕೊಡಿಸಿ."

ದಯಾನಂದನದು ಕಳಸದಿಂದ ಇನ್ನೂ ಆಚೆಯ ಸಂಸೆ. ಬಾಡಿಗೆ ಜೀಪು ಓಡಿಸುತ್ತಾನೆ. ನನ್ನ ಕ್ಲಾಸಿನ ಅರ್ಧ ಜನ ಬರುವುದೇ ಅವನ ಜೀಪಿನಲ್ಲಿ. ಅವನು ನಿಂತರೆ ಅವರೂ ನಿಂತ ಹಾಗೆ, ಮತ್ತೆ ಖಾಲಿ ಬೆಂಚಿಗೆ ಕೋರ್ಸ್ ನಡೆಸುವುದಿಲ್ಲ ಅಂತ ಪ್ರಿನ್ಸಿಪಾಲರು ಮೊದಲೇ ಹೇಳಿಬಿಟ್ಟಿದ್ದರು.

"ಯಾಕೆ, ಏನಾಯ್ತು?"

"ಬಾಡಿಗೆ ಬಿಟ್ಟು ಅಲ್ಲಿ ಹೋಗಿ ಎಂತ ಮಾಡ್ತೀಯ ಅಂತ ಅಮ್ಮ ದಿನಾ ಕೇಳ್ತಾರೆ. ಕೇಳೋದ್ರಲ್ಲಿ ತಪ್ಪಿಲ್ಲ. ಹೇಳಕ್ಕೆ ನನ್ನತ್ರ ಎಂತದೂ ಇಲ್ಲ ಮೇಡಂ."

ಅವನು ಸಿಟ್ಟಿನಿಂದ ಹೇಳಿದ್ದರೆ ನಾನೂ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ. ಪಾಪದವನ ಹಾಗೆ ಮೆಲ್ಲಗೆ ಹೇಳಿದ. ಅದು ನನಗೆ ಇನ್ನೂ ಉರಿಯಿತು.

"ಇವತ್ತಿನ ಕ್ಲಾಸ್ ಮುಗಿಸ್ಕೊಂಡು ಹೋಗು, ಆಮೇಲೆ ಕೊಡಿಸ್ತೀನಿ" ಎಂದೆ.

ನನ್ನ ಕ್ಲಾಸಿಗೆ ಬರುವವರು ಫೋನನ್ನು ಮೇಜಿನ ಮೇಲಿನ ರಟ್ಟಿನ ಡಬ್ಬದಲ್ಲಿ ಹಾಕಿ ಕೂರಬೇಕು. ರೈಲು ಅರ್ಧ ದಾರಿ ಹೋಗಿರಬೇಕು, ಡಬ್ಬ ಗುರ್ರೆಂದಿತು. ಒಂದು ನಿಂತರೆ ಇನ್ನೊಂದು. ಕೊನೆಗೆ ಎಲ್ಲವೂ ಒಟ್ಟಿಗೆ ಶುರುವಾಗಿ ಡಬ್ಬ ಮೇಜಿನ ಮೇಲೆ ತಾನೇ ಸರಿಯತೊಡಗಿತು.

"ಹೂಮಳೆ ಬಿದ್ದಿರ್ಬೇಕು" ಎಂದಳು ಸುಕನ್ಯಾ.

ನಮ್ಮ ಕಡೆ ಬೇಸಗೆಯ ಮೊದಲ ಮಳೆಗೆ ಕಾಫಿ ಹೂವಾಗುತ್ತದೆ. ಮಳೆ ಎಲ್ಲೇ ಬೀಳಲಿ, ಬಿದ್ದ ಊರಿನವರು ಬೀಳದ ಊರಿನವರಿಗೆಲ್ಲ ಫೋನು ಮಾಡಿ ಎಷ್ಟು ಸೆಂಟು ಬಿತ್ತೆಂದು ಹೇಳದಿದ್ದರೆ ಅವರಿಗೆ ಕಾಫಿ ಕುಡಿದದ್ದು ಜೀರ್ಣವಾಗುವುದಿಲ್ಲ. ಇಂಚಿನ ನೂರನೇ ಪಾಲು ಒಂದು ಸೆಂಟು. ಪಕ್ಕದ ತೋಟದವರಿಗಿಂತ ಎರಡು ಸೆಂಟು ಹೆಚ್ಚು ಹೇಳುವುದೂ ಪದ್ಧತಿಯೇ.

ನಾನು ಡಬ್ಬ ಎತ್ತಿ ಮೇಜಿನ ಮೇಲೆ ಸುರಿದೆ. "ಮಾಡಿ ಫೋನು. ಎಲ್ಲರೂ ಮಾಡಿ. ಆದ್ರೆ ಎಷ್ಟು ಬಿತ್ತು ಅಂತ ಕೇಳ್ಬೇಡಿ, ಎಷ್ಟೊತ್ತಿಗೆ ಶುರುವಾಯ್ತು ಅಂತ ಕೇಳಿ." ಅದು ಬೋಧನೆಯ ಉಪಾಯವೇನಲ್ಲ, ಬರೀ ಸಿಟ್ಟು. ನಾನೇ ಮೊದಲು ಆಲ್ದೂರಿಗೆ, ಅಂಗಡಿಯಲ್ಲಿದ್ದ ನಮ್ಮಪ್ಪ ಶಾಂತವೀರಪ್ಪನವರಿಗೆ ಮಾಡಿದೆ.

"ಅಪ್ಪಾಜಿ, ಮಳೆ ಯಾವಾಗ ಶುರುವಾಯ್ತು?"

"ಎಂಬತ್ತು ಸೆಂಟು, ರುದ್ರಾಣಿ. ಚೊಕ್ಕ ಮಳೆ."

"ಎಷ್ಟೊತ್ತಿಗೆ ಅಂತ ಕೇಳಿದ್ದು."

"ಮಳೆ ಬಂತಲ್ಲ, ಹೊತ್ತು ಯಾರಿಗೆ ಬೇಕು? ಊಟಕ್ಕೆ ಅಂತ ಬಾಗಿಲು ಎಳೀತಿದ್ದೆ, ಆಗ."

ನಮ್ಮ ಅಂಗಡಿ ಊಟಕ್ಕೆ ಮುಚ್ಚುವುದು ಒಂದೂವರೆಗೆ. ದಯಾನಂದನನ್ನು ಎಬ್ಬಿಸಿ ಸೀಮೆಸುಣ್ಣ ಕೈಗಿಟ್ಟೆ. ಹೋಗುವವನು ಹೇಗೂ ಹೋಗುತ್ತಾನೆ, ಒಂದು ಚುಕ್ಕಿಯನ್ನಾದರೂ ಇಟ್ಟು ಹೋಗಲಿ ಅಂತ. ಅಡ್ಡಗೆರೆಯ ಮೇಲೆ ಹೊತ್ತು, ಉದ್ದಗೆರೆಯ ಮೇಲೆ ಆಲ್ದೂರಿನಿಂದ ಎಷ್ಟು ದೂರ ಎಂಬುದು.

ಆಲ್ದೂರಿನಿಂದ ಕಳಸದ ಕಡೆ ಬರುವಾಗ ಮೊದಲು ಸಿಗುವ ಬಾಳೆಹೊನ್ನೂರಿನಲ್ಲಿ, ಮಳೆ ಬಂದಾಗ ಸುಕನ್ಯಾಳ ಅಕ್ಕ ಪಾತ್ರೆ ತೊಳೆಯುತ್ತಿದ್ದಳಂತೆ. "ಟಿವಿಲಿ ಯಾವ ಧಾರಾವಾಹಿ ಬರ್ತಿತ್ತು?" ಅಂತ ಕೇಳಿ ಸುಕನ್ಯಾ ಹೊತ್ತು ಹಿಡಿದಳು. ಅದರಾಚೆಯ ಮಾಗುಂಡಿಯಲ್ಲಿ ಮಳೆ ಶುರುವಾದಾಗ ಬಸ್ಸು ಆಗಷ್ಟೇ ಬಿಟ್ಟಿತ್ತಂತೆ. ಆ ಬಸ್ಸಿನ ಸಮಯ ದಯಾನಂದನಿಗೆ ಬಾಯಿಪಾಠ. ದೂರವನ್ನೂ ಅವನು ಯಾರನ್ನೂ ಕೇಳದೆ ಬರೆದ. ಮೂರು ಚುಕ್ಕಿ ಬಿದ್ದವು. ಸೇರಿಸಿದರೆ ಗೆರೆ ಸೊಟ್ಟಗೆ, ಮೂರನೇ ಚುಕ್ಕಿಯ ಕಡೆ ನೆಟ್ಟಗೆ ಮೇಲಕ್ಕೆ ಏರಿತ್ತು.

"ಮಾಗುಂಡಿಗೆ ಮಳೆ ಟಾಪ್ ಗೇರಲ್ಲಿ ಬಂದಿದೆ ಮಾರಾಯ" ಅಂತ ಹಿಂದಿನ ಬೆಂಚಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ನಾನು ಡಸ್ಟರ್ ತೆಗೆದುಕೊಂಡೆ.

"ಒಂದ್ನಿಮಿಷ ಮೇಡಂ" ಎಂದ ದಯಾನಂದ. ಬೋರ್ಡನ್ನೇ ನೋಡುತ್ತಾ ನಿಂತಿದ್ದವನು ತನ್ನಷ್ಟಕ್ಕೇ ನಗತೊಡಗಿದ. "ನಾನು ಜೀಪಿನ ಕಿಲೋಮೀಟರ್ ಹಾಕಿದೀನಿ. ತಿರುವೆಲ್ಲ ಸೇರಿಸಿ. ಮಳೆ ಎಂತಕ್ಕೆ ನಮ್ಮ ರಸ್ತೆಲಿ ಬರ್ತದೆ?"

ನನಗೂ ಹೊಳೆದಿರಲಿಲ್ಲ. ಈ ಗುಡ್ಡಗಳಲ್ಲಿ ಹುಟ್ಟಿದವರಿಗೆ ದೂರ ಅಂದರೆ ತಿರುವು ತಿರುವಿನ ದೂರವೇ, ಬೇರೆ ದೂರ ನಮಗೆ ಗೊತ್ತಿಲ್ಲ. ಗೋಡೆಯಲ್ಲಿ ಜಿಲ್ಲೆಯ ನಕ್ಷೆ ತೂಗುತ್ತಿತ್ತು. ಸುಕನ್ಯಾ ಮುಡಿದಿದ್ದ ಮಲ್ಲಿಗೆಯ ದಾರ ಬಿಚ್ಚಿ ಕೊಟ್ಟಳು. ಆಲ್ದೂರಿನಿಂದ ಪ್ರತಿ ಊರಿಗೂ ದಾರವನ್ನು ಬಿಗಿಯಾಗಿ ಎಳೆದು ಅಳೆದು, ದಯಾನಂದ ಹಳೆಯ ಚುಕ್ಕಿ ಒರೆಸಿ ಹೊಸದನ್ನು ಇಟ್ಟ.

ಮೂರೂ ಒಂದೇ ಗೆರೆಯಲ್ಲಿ ನಿಂತವು.

ಅವನು ಸ್ಕೇಲಿಟ್ಟು ಗೆರೆಯನ್ನು ಮುಂದಕ್ಕೆ ಎಳೆದ. "ಇದು ಸರಿಯಾಗಿದ್ರೆ ಮುಂದಿನ ಊರು ಬಾಳೆಹೊಳೆಗೆ ಮೂರು ಗಂಟೆಗೆ ಬರ್ಬೇಕು" ಎಂದ. ಗೋಡೆಯ ಗಡಿಯಾರದಲ್ಲಿ ಮೂರಕ್ಕೆ ಸ್ವಲ್ಪ ಇತ್ತು. ಬಾಳೆಹೊಳೆಯಲ್ಲಿದ್ದ ಸುಕನ್ಯಾಳ ಗಂಡನಿಗೆ ಫೋನು ಹೋಯಿತು. ಮೋಡ ಇದೆ, ಮಳೆ ಇಲ್ಲ ಅಂದ. ಫೋನ್ ಇಡಬೇಡಿ ಅಂದಳು ಸುಕನ್ಯಾ. ಅಂಗಳದಲ್ಲಿ ಅವನು, ಬೋರ್ಡಿನ ಮುಂದೆ ನಾವು, ಸುಮ್ಮನೆ ಕಾದೆವು.

"ಹನಿ ಬಿತ್ತು" ಎಂದಿತು ಫೋನು. "ನಿಂಗೆ ಹೆಂಗೆ ಗೊತ್ತಾಯ್ತು ಮಾರಾಯ್ತಿ?"

ವರ್ಷಗಟ್ಟಲೆ ಬೋರ್ಡಿನ ಮೇಲೆ ಗೆರೆ ಎಳೆದವಳು ನಾನು. ಗೆರೆ ಮೊದಲು ಹೋಗಿ, ಅದರ ಹಿಂದೆ ಇಷ್ಟು ದೊಡ್ಡ ಮಳೆ ಗುಡ್ಡ ಹತ್ತಿ ಇಳಿದು ಬರುವುದನ್ನು ಯಾವತ್ತೂ ನೋಡಿರಲಿಲ್ಲ. ಕೈ ಮುಗಿಯಬೇಕು ಅನ್ನಿಸಿತು. ಯಾರಿಗೆ ಮುಗಿಯಬೇಕೋ ತಿಳಿಯಲಿಲ್ಲ.

ದಯಾನಂದ ಆಗಲೇ ಮನೆಗೆ ಫೋನು ಮಾಡುತ್ತಿದ್ದ. "ಅಮ್ಮ, ಅಂಗಳದ ಮೆಣಸು ಒಳಗೆ ಹಾಕು. ಅರ್ಧ ಗಂಟೆಲಿ ಮಳೆ ಬರ್ತದೆ."

"ಇಲ್ಲಿ ಬಿಸಿಲು ಸುಡ್ತಾ ಇದೆ. ನಿಂಗೆ ತಲೆ ಸರಿ ಇದ್ಯಾ?" ಅವನ ತಾಯಿ ರಾಮಮ್ಮನ ದನಿ ಇಡೀ ಕ್ಲಾಸಿಗೆ ಕೇಳಿತು. ಟಾರ್ಪಾಲಿನ ಮೇಲೆ ವರ್ಷದ ಕಾಳುಮೆಣಸೆಲ್ಲ ಒಣಗುತ್ತಿತ್ತಂತೆ.

"ಒಂದ್ಸಲ ನನ್ನ ಮಾತು ಕೇಳಮ್ಮ" ಎಂದ ಅವನು.

ಕಳಸಕ್ಕೆ ಮಳೆ ಗೆರೆಗಿಂತ ಐದಾರು ನಿಮಿಷ ತಡವಾಗಿ ಬಂತು. ಮೊದಲು ಆಚೆ ಗುಡ್ಡ ಕಾಣದಾಯಿತು, ಆಮೇಲೆ ದೇವಸ್ಥಾನದ ಬೀದಿ, ಆಮೇಲೆ ನಮ್ಮ ತಗಡಿನ ಮಾಡು ಸದ್ದಿಗೆ ನಡುಗಿತು. ಎಲ್ಲರೂ ಕಿಟಕಿಗೆ ಮುತ್ತಿಕೊಂಡಿದ್ದರು. ದಯಾನಂದ ಮಾತ್ರ ಬೋರ್ಡಿನ ಹತ್ತಿರವೇ ನಿಂತು, ಬಂದ ಹೊತ್ತಿನ ಚುಕ್ಕಿಯನ್ನು ಗೆರೆಯ ಪಕ್ಕದಲ್ಲಿ ಇಟ್ಟ. ಗೆರೆಗೂ ಚುಕ್ಕಿಗೂ ನಡುವಿನ ಆ ಬೆರಳಗಲದ ಜಾಗವನ್ನು ಮುಟ್ಟಿ ಮುಟ್ಟಿ ನೋಡಿದ.

ಕ್ಲಾಸ್ ಬಿಟ್ಟರೂ ಯಾರೂ ಹೊರಡಲಿಲ್ಲ. ನಾನು ಆಫೀಸಿಗೆ ಹೋಗಿ, ಕೊಟ್ಟ ಮಾತಿನಂತೆ ಅವನ ಮಾರ್ಕ್ಸ್ ಕಾರ್ಡ್ ತಂದೆ. ತಂದದ್ದನ್ನು ಕೊಡಲು ಮನಸ್ಸಿಲ್ಲ, ಕೊಡದಿರಲು ಹಕ್ಕಿಲ್ಲ. ಅಷ್ಟರಲ್ಲಿ ಅವನ ಫೋನು ರಿಂಗಾಯಿತು. ಮಳೆಯ ಸದ್ದಿಗೆ ಸ್ಪೀಕರ್ ಹಾಕಿದ.

"ಬಂತು ಕಣೋ" ಎಂದರು ರಾಮಮ್ಮ, ಏದುಸಿರು ಬಿಡುತ್ತಾ. "ಕೊನೇ ಮೂಟೆ ಎಳೆದು ಹಾಕಿದೆ, ಹಿಂದೇನೇ ಬಂತು. ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳಿಲ್ಲ. ಬರೆದು ನೋಡ್ದೆ."

"ಎಂತ ಬರೆದೆ?"

"ಅಡ್ಡಕ್ಕೆ ಒಂದು ಗೆರೆ ಅಮ್ಮ, ಅದು ಹೊತ್ತು. ಉದ್ದಕ್ಕೆ ಒಂದು, ಅದು ದೂರ…" ತಾಯಿ ಎದುರಿಗೇ ಇರುವ ಹಾಗೆ ಅವನು ಒಂದೊಂದೇ ಚುಕ್ಕಿ ತೋರಿಸುತ್ತಾ ಹೇಳಿದ. ನಾನು ಹೇಳಿದ್ದಕ್ಕಿಂತ ಚೆನ್ನಾಗಿಯೇ ಹೇಳಿದ. ಅಮ್ಮ ಹೂಂ ಹೂಂ ಅನ್ನುತ್ತಿದ್ದರು.

"ಆ ಗೆರೆ ನಮ್ಮ ಸಂಸೆ ದಾಟಿ ಎಲ್ಲಿಗೆ ಹೋಗ್ತದೆ?" ಎಂದರು ರಾಮಮ್ಮ.

ದಯಾನಂದ ಬೋರ್ಡ್ ನೋಡಿದ. ಗೆರೆ ಬೋರ್ಡಿನ ಅಂಚಿಗೆ ಮುಗಿದಿತ್ತು.

"ಗೊತ್ತಿಲ್ಲಮ್ಮ" ಎಂದ. "ನಾಳೆ ಮೇಡಂ ಹತ್ರ ಕೇಳ್ಕೊಂಡು ಬರ್ತೀನಿ."